ಅಕ್ಕನ ಕಂಪ್ಯೂಟರು ಮೂಕವಾದ ವಾರ

“ಅದೇನೋ ಒಳಗೆ ಕುಂತ್ಕಂಡು ಒಂದೇ ಸಮ ಬಡ್ಕತಿತ್ತು ಮೇಡಂ. ವೈರಸ್ ಇರ್ಬೇಕು ಅಂತ ಕಿತ್ತಾಕ್ಬುಟ್ಟೆ.”

ರಾಮನಗರದ ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲಿ ಹೀಗೆ ಹೇಳಿದಾಗ ಅವನ ದನಿಯಲ್ಲಿ ಹೆಮ್ಮೆಯೂ ಇತ್ತು. ಕೇಳದಿದ್ದರೂ ಒಂದು ಉಪಕಾರ ಮಾಡಿದ್ದೇನೆ ನೋಡಿ ಅನ್ನುವ ಹೆಮ್ಮೆ. ಅವನು ವೈರಸ್ ಎಂದುಕೊಂಡು ಕಿತ್ತು ಹಾಕಿದ್ದು ನನ್ನ ಅಕ್ಕ ಓದುವ ದನಿಯನ್ನು. ಕಣ್ಣಿಲ್ಲದ ನನ್ನ ಅಕ್ಕ ಪೇಪರು, ಪುಸ್ತಕ, ಬ್ಯಾಂಕಿನ ಲೆಕ್ಕ, ಸ್ನೇಹಿತರ ಪತ್ರ ಎಲ್ಲವನ್ನೂ ಆ ದನಿಯಿಂದಲೇ ಓದುತ್ತಿದ್ದಳು. ಇದನ್ನು ಬರೆಯುವ ಹೊತ್ತಿಗೂ ನನಗೆ ಮೈ ಉರಿಯುತ್ತದೆ. ಸಮಾಧಾನವಾಗಿ ಬರೆಯೋಣ ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ. ಆಗುವುದಿಲ್ಲ. ಕೋಪದಲ್ಲೇ ಬರೆಯುತ್ತೇನೆ.

ಅಕ್ಕ ಕನಕಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ ಆಗಿದ್ದವಳು. ಮದುವೆ ಬೇಡವೆಂದು ಹಾಗೇ ಇದ್ದವಳು. ಐವತ್ತರ ಹತ್ತಿರ ಬರುವಾಗ ಕಣ್ಣಿನ ಒತ್ತಡದ ಕಾಯಿಲೆ ಶುರುವಾಗಿ, ಮೊದಲು ಪಕ್ಕದ ನೋಟ ಹೋಯಿತು, ಆಮೇಲೆ ಎದುರಿನದೂ ಹೋಯಿತು. ಕೆಲಸ ಬಿಟ್ಟು ಚನ್ನಪಟ್ಟಣದ ನಮ್ಮ ಮನೆಗೆ ಬಂದಳು. ನಮ್ಮದು ಬಣ್ಣದ ಗೊಂಬೆಯ ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಮಿಷನ್ನಿನ ಮುಂದೆ ನಾನು ಕೂರುತ್ತೇನೆ. ಮರ ತರುವುದು, ಮಾಲು ಕೊಟ್ಟು ಬರುವುದು ನನ್ನ ಗಂಡನ ಕೆಲಸ.

ಮೊದಮೊದಲು ಅಕ್ಕನಿಗೆ ನಾವೇ ಪೇಪರು ಓದಿ ಹೇಳುತ್ತಿದ್ದೆವು. ಓದಿ ಹೇಳುವವರ ಕೈಯಲ್ಲಿ ಕೇಳುವವರ ಕುತ್ತಿಗೆ ಇರುತ್ತದೆ. ಒಲೆ ಮೇಲೆ ಸಾರಿಟ್ಟು ಬಂದ ನಾನು ತಲೆಬರಹ ಓದಿ, “ಇನ್ನೇನಿಲ್ಲ ಬುಡು” ಅಂತ ಎದ್ದು ಹೋಗುತ್ತಿದ್ದೆ. ನನ್ನ ಗಂಡ ಸಮಾಧಾನದ ಮನುಷ್ಯ. ಅವರು ಕೂತು ಪೂರ್ತಿ ಓದುತ್ತಿದ್ದರು, ಆದರೆ ಅಪಘಾತ, ಸಾವು ಬಂದ ಕಡೆ ಪುಟ ತಿರುಗಿಸುತ್ತಿದ್ದರು. ಅಕ್ಕನಿಗೆ ಪುಟದ ಸದ್ದು ಕೇಳುತ್ತಿತ್ತು. ಬೇರೆಯವರ ಕಣ್ಣನ್ನು ಸಾಲ ತಂದವರು ಜಗಳ ಆಡಬಾರದು ಅಂತ ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಆಮೇಲೆ ಯಾರೋ ಹೇಳಿ, ಬೆಂಗಳೂರಿನಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಕಡೆ ಅಕ್ಕ ಸೇರಿದಳು. ದಿನಾ ಬೆಳಿಗ್ಗೆ ರೈಲಿಗೆ ಹತ್ತಿಸಿ ಬರುತ್ತಿದ್ದೆ. ಅಲ್ಲಿ ಕಲಿಸುತ್ತಿದ್ದ ಮೇಡಮ್ಮಿಗೂ ಕಣ್ಣಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೊಂದು ಹಳೆಯ ಕಂಪ್ಯೂಟರು ಬಂತು, ಅದರೊಳಗೆ ಆ ದನಿ ಬಂತು. ತೆರೆಯ ಮೇಲೆ ಏನಿದ್ದರೂ ಅದನ್ನು ಓದಿ ಹೇಳುವ ದನಿ. ಅಕ್ಕ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಹೇಳುತ್ತಿತ್ತು. ತಗಡಿನ ಡಬ್ಬದೊಳಗೆ ಕೂತು ಯಾರೋ ಮಾತಾಡಿದ ಹಾಗೆ, ಉಸಿರಿಲ್ಲ, ಏರಿಲ್ಲ, ಇಳಿವಿಲ್ಲ. ಮದುವೆ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಂದೇ ರಾಗದಲ್ಲಿ ಹೇಳುತ್ತಿತ್ತು. ನನಗೆ ಮೊದಲು ತಲೆನೋವು ಬಂದಿದ್ದು ನಿಜ. ಅಕ್ಕನಿಗೆ ಮಾತ್ರ ಅದು ಅಮೃತ. ಬೆಳಿಗ್ಗೆ ಮನೆಯವರಿಗೆಲ್ಲ ಕೇಳಲಿ ಅಂತ ನಿಧಾನಕ್ಕೆ ಪೇಪರು ಓದಿಸುತ್ತಿದ್ದಳು. ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ಮಿಷನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ತನ್ನ ಪತ್ರ ಓದುವಾಗ ಮಾತ್ರ ದನಿಯ ವೇಗ ಏರಿಸಿಬಿಡುತ್ತಿದ್ದಳು. ಆಗ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು, ಅವಳಿಗಲ್ಲದೆ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ.

ಕೀಬೋರ್ಡಿನ ಮೇಲೆ ನನ್ನ ಕೆಲಸವೂ ಸ್ವಲ್ಪ ಇತ್ತು. ಅಕ್ಷರದ ಗುಂಡಿಗಳು ಅವಳಿಗೆ ಬೆರಳಿನಲ್ಲೇ ಗೊತ್ತು. ಆದರೆ ದನಿಯನ್ನು ಆಳುವ ಗುಂಡಿಗಳು ಮೂಲೆ ಮೂಲೆಯಲ್ಲಿದ್ದು ತಪ್ಪುತ್ತಿದ್ದವು. ನಾವು ಗೊಂಬೆಗೆ ಬಣ್ಣ ಹಾಕುವುದು ಅರಗಿನಿಂದ. ಮಿಷನ್ನಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹಿಡಿಯುತ್ತದೆ. ಅದೇ ಕಡ್ಡಿಯನ್ನು ಮೇಣದ ಬತ್ತಿಗೆ ಹಿಡಿದು, ಬೇಕಾದ ಗುಂಡಿಗಳ ಮೇಲೆ ಒಂದೊಂದು ತೊಟ್ಟು ಬಿಟ್ಟಿದ್ದೆ. ಒಂದಕ್ಕೆ ದಪ್ಪನೆ ಬೊಟ್ಟು, ಒಂದಕ್ಕೆ ಉದ್ದನೆಯ ಗೆರೆ, ಇನ್ನೊಂದಕ್ಕೆ ಜೋಡಿ ಚುಕ್ಕೆ. ಆರಿದ ಮೇಲೆ ಕೇದಗೆಯ ಗರಿಯಲ್ಲಿ ಉಜ್ಜಿ ನುಣುಪು ಮಾಡಿಕೊಟ್ಟೆ. ಅಕ್ಕ ಬೆರಳಾಡಿಸಿ, “ಈಗ ಇದು ನಮ್ಮನೆ ಕೀಬೋರ್ಡು” ಅಂದಳು. ಬಣ್ಣ ಯಾವುದಾದರೂ ನಡೆಯುತ್ತಿತ್ತು. ಆದರೂ ಕೆಂಪೇ ಹಾಕಿದ್ದೆ.

ಹೀಗೆ ಎಲ್ಲಾ ನೆಟ್ಟಗಿರುವಾಗಲೇ ಕಂಪ್ಯೂಟರು ಗೋಳಾಡಲು ಶುರು ಮಾಡಿತು. ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಇನ್ನು ಮೇಲೆ ಇದಕ್ಕೆ ರಕ್ಷಣೆ ಇಲ್ಲ, ಹೊಸದಕ್ಕೆ ಬನ್ನಿ ಅಂತ ತೆರೆ ತುಂಬಾ ಒಂದು ನೋಟೀಸು. ನಮಗಾದರೆ ಕಣ್ಣಿದೆ, ಬೇಡದ್ದರ ಮೇಲೆ ಹಾಯಿಸಿ ಮುಂದೆ ಹೋಗುತ್ತೇವೆ. ಕಿವಿಗೆ ರೆಪ್ಪೆ ಇಲ್ಲ. ಅಕ್ಕ ಪೇಪರು ತೆಗೆಯಲು ಹೋದಾಗಲೆಲ್ಲ ಆ ದನಿ ನೋಟೀಸನ್ನು ಇಂಗ್ಲಿಷಿನಲ್ಲಿ ಮೊದಲಿಂದ ಕೊನೆಯವರೆಗೆ ಓದುತ್ತಿತ್ತು. ಕೆಲಸ ಮಾಡುತ್ತಿರುವ ಯಂತ್ರವನ್ನು ಎಲ್ಲೋ ಕೂತವರು ಹಳೆಯದು ಅಂತ ತೀರ್ಮಾನ ಮಾಡಿಬಿಟ್ಟರು, ಅದನ್ನು ಅವಳ ಮನೆಯಲ್ಲಿ, ಅವಳ ದನಿಯಿಂದಲೇ ಅವಳಿಗೆ ಹೇಳಿಸಿದರು. ನಮ್ಮ ಶೆಡ್ಡಿನಲ್ಲಿ ನನ್ನ ಮಾವನವರ ಕಾಲದ ಉಳಿ ಇದೆ. ಇವತ್ತಿಗೂ ಗೊಂಬೆಯ ಆಲೆ ಮರವನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಅದು ಯಾವತ್ತೂ ನನಗೆ ನೋಟೀಸು ಕೊಟ್ಟಿಲ್ಲ.

“ಓಡೋ ಮಿಷನ್ನಿಗೆ ಯಾರಾದ್ರೂ ಕೈ ಹಾಕ್ತಾರೇನಕ್ಕ? ಬಡ್ಕಂಡ್ರೆ ಬಡ್ಕಳ್ಳಿ ಬುಡು” ಅಂದೆ.

ಆದರೆ ಬ್ಯಾಂಕಿನ ಪುಟ ತೆರೆಯುವುದು ನಿಂತಿತು. ಇವತ್ತು ಬ್ಯಾಂಕು, ನಾಳೆ ಪತ್ರಗಳೂ ನಿಂತರೆ ಅನ್ನುವ ಭಯ ಅಕ್ಕನಿಗೆ. ಆ ಭಯಕ್ಕೆ ಕಾರಣ ಇತ್ತು. ಅವಳ ಜೊತೆ ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಡಂ ಒಬ್ಬರು ಕನಕಪುರದಲ್ಲೇ ಇದ್ದರು. ಅಕ್ಕನಿಗೆ ಪ್ರಾಣಕ್ಕೆ ಪ್ರಾಣ. ಅವರಿಗೆ ಗಂಟಲಿನ ಕ್ಯಾನ್ಸರ್ ಆಗಿ, ಆಪರೇಷನ್ ಆಗಿ ಮಾತು ಹೋಗಿತ್ತು. ಫೋನು ಮಾಡಿದರೆ ಅವರು ಮಾತಾಡುವ ಹಾಗಿಲ್ಲ, ಕಾಗದ ಬರೆದರೆ ಇವಳು ನೋಡುವ ಹಾಗಿಲ್ಲ. ಆದ್ದರಿಂದ ಅವರು ಕಂಪ್ಯೂಟರಿನಲ್ಲಿ ಪತ್ರ ಬರೆಯುತ್ತಿದ್ದರು, ಇವಳು ಕೇಳುತ್ತಿದ್ದಳು. ಇವಳು ಬರೆಯುತ್ತಿದ್ದಳು, ಅವರು ಓದುತ್ತಿದ್ದರು. ವಾರ ತಪ್ಪಿದ್ದಿಲ್ಲ. ಆ ದಿನಗಳಲ್ಲಿ ಅವರು ಮತ್ತೆ ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಹೋಗುವವರಿದ್ದರು. ಡಾಕ್ಟರು ಏನಂದರು ಅಂತ ಬಂದ ಕೂಡಲೇ ಬರೆಯುತ್ತೇನೆ ಅಂದಿದ್ದರು. ಆ ಪತ್ರ ಬರುವ ಮೊದಲು ಎಲ್ಲ ಸರಿ ಮಾಡಿಸಿಬಿಡೋಣ ಅಂತ ಅಕ್ಕನ ಆತುರ.

ನಾನೇ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು ರಾಮನಗರಕ್ಕೆ ಹೋದೆ. ಕೀಬೋರ್ಡನ್ನೂ ಒಯ್ಯಿ, ಯಾವ ಗುಂಡಿಯಿಂದ ಏನು ಮಾಡುತ್ತೇನೆ ಅಂತ ಅಂಗಡಿಯವರು ನೋಡಲಿ ಅಂತ ಅಕ್ಕ ಅಂದಿದ್ದಳು. ಅಂಗಡಿಯವನಿಗೆ ಬಿಡಿಸಿ ಬಿಡಿಸಿ ಹೇಳಿದೆ. “ನೋಡಿ, ನಮ್ಮಕ್ಕನಿಗೆ ಕಣ್ಣು ಕಾಣಲ್ಲ. ಇದ್ರಲ್ಲಿ ಓದಿ ಹೇಳೋ ಸಾಫ್ಟ್‌ವೇರ್ ಐತೆ. ಬೇರೆ ಏನಾದ್ರೂ ಮಾಡ್ಕಳಿ, ಅದನ್ನ ಮಾತ್ರ ಮುಟ್ಬೇಡಿ.”

“ಗೊತ್ತು ಬುಡಿ ಮೇಡಂ” ಅಂದ. ಈ ಎರಡು ಮಾತು ಹೇಳಿದವರನ್ನು ನಾನು ಇನ್ನು ಮೇಲೆ ಜನ್ಮದಲ್ಲಿ ನಂಬುವುದಿಲ್ಲ.

ಮಾರನೆ ದಿನ ಹೋಗಿ ತಂದೆ. ಮನೆಗೆ ಬಂದು ವೈರುಗಳನ್ನು ಸಿಕ್ಕಿಸಿ ಗುಂಡಿ ಒತ್ತಿದರೆ, ಅಬ್ಬಬ್ಬಾ, ಎಂಥಾ ಚಿತ್ರ. ನೀಲಿ ಬೆಟ್ಟ, ನೀಲಿ ಆಕಾಶ. ನನ್ನ ಗಂಡ “ಟೀವಿ ಇದ್ದಂಗೈತಲ್ಲ” ಅಂದರು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ದನಿ ಬರಲಿ ಅಂತ ಕಾದಳು. ಬರಲಿಲ್ಲ. ಎಡಗೈಯನ್ನು, ಬಲಗೈಯನ್ನು ಕೀಬೋರ್ಡಿನ ಮೇಲೆ ಇಟ್ಟಳು. ಮೂಲೆಯ ಗುಂಡಿಗಳನ್ನು ಹುಡುಕಿದಳು. ಮತ್ತೆ ಹುಡುಕಿದಳು. ಅವಳ ಮುಖ ನಾನು ನೋಡುತ್ತಿದ್ದೆ.

“ಇದು ಯಾರ ಮನೆ ಕೀಬೋರ್ಡು?” ಅಂತ ಕೇಳಿದಳು.

ಆಗ ನಾನು ನೋಡಿದೆ. ನುಣ್ಣಗೆ, ಕರ್‍ರಗೆ, ಹೊಚ್ಚ ಹೊಸದು. ಕಟ್ಟಿ ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ತಂದಿದ್ದೆ. ಅಲ್ಲೇ ನಿಂತು ಫೋನು ಮಾಡಿದೆ. ಆಗ ಅವನು ಹೇಳಿದ್ದೇ ನಾನು ಮೊದಲು ಬರೆದ ಮಾತು. ಕೀಬೋರ್ಡಿನ ವಿಷಯ ಕೇಳಿದರೆ, “ಹಳೇದ್ರ ಮೇಲೆಲ್ಲ ಕೊಳೆ ಗಟ್ಟಿ ಕಟ್ಕಂಡಿತ್ತು ಮೇಡಂ, ಕೆರೆದ್ರೂ ಹೋಗ್ಲಿಲ್ಲ. ನಮ್ ಕಡೆಯಿಂದ ಹೊಸದು ಫ್ರೀ ಕೊಟ್ಟಿದೀನಿ” ಅಂದ.

ಕೊಳೆ. ನನ್ನ ಕೈಯ ಕೆಲಸ ಬೆಂಗಳೂರಿನ ದೊಡ್ಡ ದೊಡ್ಡ ಅಂಗಡಿಯ ಗಾಜಿನ ಬೀರುವಿನಲ್ಲಿ ಕೂತಿದೆ. ಅದು ಇವನಿಗೆ ಕೊಳೆ. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಶೆಡ್ಡಿನ ಹೆಂಗಸರು ಮಿಷನ್ನು ನಿಲ್ಲಿಸಿದರು ಅಂದರೆ ಸಾಕು.

ಮಾರನೆ ದಿನ ಬೆಳಿಗ್ಗೆಯೇ ರಾಮನಗರಕ್ಕೆ ಹೊರಟೆ. ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುವವರಿಂದ ಬಸ್ಸು ಗಿಜಿಗುಡುತ್ತಿತ್ತು. ನಿಂತುಕೊಂಡೇ, ಏನೇನು ಹೇಳಬೇಕು ಅಂತ ಒಳಗೊಳಗೇ ಮಸೆದುಕೊಂಡು ಹೋದೆ. ಅಂಗಡಿಯವನು ನನ್ನನ್ನು ನೋಡಿ ಎದ್ದು ಸ್ಟೂಲು ಹಾಕಿದ. ಕೆಟ್ಟ ಮನುಷ್ಯನಲ್ಲ, ಅದೇ ನನಗೆ ಇನ್ನೂ ಕೋಪ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

“ನಾನು ಹೇಳಿದ್ದು ಗ್ಯಾನ ಇರ್ನಿಲ್ವಾ?” ಅಂದೆ.

“ಇತ್ತು ಮೇಡಂ. ಆದ್ರೆ ಅದು ಬಟನ್ ಒತ್ತಿದ್ದಕ್ಕೆಲ್ಲ ಮಾತಾಡ್ತಿತ್ತು. ಮೌಸ್ ಅಲ್ಲಾಡಿಸಿದ್ರೂ ಮಾತಾಡ್ತಿತ್ತು. ಹಾಳಾಗೈತೆ ಅನ್ಕಂಡೆ.” ಆಮೇಲೆ ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ, “ಅಲ್ಲ ಮೇಡಂ, ಕಣ್ ಕಾಣ್ದೋರು ಕಂಪ್ಯೂಟರ್ ಇಟ್ಕಂಡು ಏನ್ ಮಾಡ್ತಾರೆ?”

“ನೀನು ಕಣ್ಣಿಟ್ಕಂಡು ಏನ್ ಮಾಡ್ದೆ ಹೇಳಪ್ಪ” ಅಂದೆ.

ಹಳೆಯ ಕೀಬೋರ್ಡು ಗುಜರಿಯವನ ಪಾಲಾಗಿತ್ತು. ಆ ದನಿಯನ್ನು ಮತ್ತೆ ಹಾಕಿಕೊಡು ಅಂದರೆ, ಅವನಿಗೆ ಅದರ ಹೆಸರು ಗೊತ್ತಿಲ್ಲ, ಎಲ್ಲಿ ಸಿಗುತ್ತದೆ ಗೊತ್ತಿಲ್ಲ. ಹುಡುಕಿ ಹಾಕಿಕೊಡುತ್ತೇನೆ, ಆದರೆ ನಾಳೆಯಿಂದ ಸೋಲೂರಿನಲ್ಲಿ ಭಾವನ ಮನೆಯ ಗೃಹಪ್ರವೇಶ, ಅಂಗಡಿ ಬಾಗಿಲು ಹಾಕುತ್ತೇನೆ, ಮುಂದಿನ ವಾರ ಬನ್ನಿ ಅಂತ ಮೂಗಿಗೆ ತುಪ್ಪ ಸವರಿದ. ಅಲ್ಲಿಯವರೆಗೆ ಹೊಸ ಸಿಸ್ಟಮ್ಮಿನಲ್ಲೇ ಒಂದು ದನಿ ಇರುತ್ತದಂತೆ, ಇಂಥಿಂಥ ಗುಂಡಿ ಒತ್ತಿದರೆ ಮಾತಾಡುತ್ತದಂತೆ, ಇಂಗ್ಲಿಷು ಮಾತ್ರ. “ಸದ್ಯಕ್ಕೆ ಅಡ್ಜಸ್ಟ್ ಮಾಡ್ಕಳಿ ಮೇಡಂ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತಾರಲ್ಲ” ಅಂದ.

ಬಾಯಿ ತಪ್ಪಿ ಅಂದದ್ದೂ ಅಲ್ಲ. ಗಾದೆ ನಾಲಿಗೆಗೆ ಬಂತು, ಅಂದ. ಯಾರ ಮುಂದೆ ಏನನ್ನುತ್ತಿದ್ದೇನೆ ಅನ್ನುವ ಖಬರೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿ, ಆಡಬೇಕೆಂದು ಮಸೆದು ಇಟ್ಟುಕೊಂಡಿದ್ದ ಒಂದು ಮಾತೂ ಬರಲಿಲ್ಲ. ಎದ್ದು ಬಂದೆ. ಬಸ್ಸು ಹತ್ತುವ ಹೊತ್ತಿಗೆ ಮೊಬೈಲಿಗೆ ಅವನ ಅಂಗಡಿಯಿಂದ ಮೆಸೇಜು ಬಂತು. ನಮ್ಮ ಸೇವೆ ಹೇಗಿತ್ತು, ಎಷ್ಟು ಸ್ಟಾರ್ ಕೊಡುತ್ತೀರಿ ಅಂತ.

ನಾನು ರಾಮನಗರದಲ್ಲಿ ಜಗಳ ಆಡುತ್ತಿದ್ದಾಗ ಮನೆಯಲ್ಲಿ ಇನ್ನೊಂದು ನಡೆದಿತ್ತು. ಗಣಿತದ ಮೇಡಮ್ಮಿನ ಪತ್ರ ಬಂದಿದೆಯೇ ಅಂತ ಅಕ್ಕನಿಗೆ ತಡೆಯಲಾಗದೆ, ನನ್ನ ಗಂಡನನ್ನು ಕರೆದು ಪಾಸ್‌ವರ್ಡ್ ಹೇಳಿ ಓದಿಸಿದ್ದಳು. ಅಷ್ಟು ವರ್ಷ ಯಾರಿಗೂ ಹೇಳದ ಪಾಸ್‌ವರ್ಡನ್ನು ಬಾಯಿ ಬಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಯಿತು. ನಾನು ಬಂದಾಗ ಜಗಲಿಯ ಮೇಲೆ ಕೂತಿದ್ದಳು.

“ಪತ್ರ ಬಂದೈತೆ ಕಣೆ. ಡಾಕ್ಟ್ರು ನೋಡಿದ್ರಂತೆ, ಪರವಾಗಿಲ್ಲ ಅಂದ್ರಂತೆ. ಬಿಡುವು ಮಾಡ್ಕಂಡು ಒಂದ್ಸಲ ಬಾ ಅಂತ ಬರೆದವ್ಳೆ.”

“ಒಳ್ಳೇದಾಯ್ತಲ್ಲ” ಅಂದೆ.

“ಇದೊಂದು ಸರಿಯಾಗ್ಲಿ, ಮುಂದಿನ ವಾರ ಬತ್ತೀನಿ ಅಂತ ನಿನ್ ಗಂಡನ ಕೈಲಿ ಬರೆಸ್ದೆ.”

ನನ್ನ ಗಂಡ ಅಲ್ಲೇ ಮರದ ತುಂಡುಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಅದನ್ನು ಗಮನಿಸಿದೆ, ಅವರ ಸ್ವಭಾವವೇ ಹಾಗೆ ಅಂದುಕೊಂಡೆ.

ಅಂಗಡಿಯವನು ಹೇಳಿದ ಗುಂಡಿಗಳನ್ನು ಒತ್ತಿದೆವು. ದನಿ ಬಂತು. ಸಿನಿಮಾದವರ ಹಾಗೆ ನಯವಾದ ಹೆಂಗಸಿನ ದನಿ. ಅಕ್ಕ ತಡಕಾಡಿ ತಡಕಾಡಿ ತನ್ನ ಪತ್ರಗಳ ಪುಟಕ್ಕೆ ಹೋದಳು. ಅವಳ ಪತ್ರ ಅಂತ ನಾನು ತೆರೆಯ ಕಡೆ ಕಣ್ಣು ಹಾಕಲಿಲ್ಲ. ದನಿ ತಾರೀಖು ಹೇಳಿತು, ವೇಳೆ ಹೇಳಿತು, ಎಲ್ಲ ಇಂಗ್ಲಿಷಿನಲ್ಲಿ. ಪತ್ರ ಶುರುವಾಯಿತು, ಅಂದರೆ ಕನ್ನಡ ಶುರುವಾಯಿತು, ದನಿ ಗಪ್ಪನೆ ನಿಂತಿತು. ಅಕ್ಕ ಮುಂದಿನ ಸಾಲಿಗೆ ಹೋದಳು. ಸದ್ದಿಲ್ಲ. ಅದರ ಮುಂದಿನದಕ್ಕೆ ಹೋದಳು. ಸದ್ದಿಲ್ಲ. ಎಂಟನೆ ತರಗತಿಯಿಂದ ಹತ್ತರವರೆಗೆ ಊರಿನ ಮಕ್ಕಳಿಗೆಲ್ಲ ಕನ್ನಡ ಹೇಳಿಕೊಟ್ಟವಳ ಮನೆಯಲ್ಲಿ, ಕನ್ನಡ ಅನ್ನುವುದು ಇಲ್ಲವೇ ಇಲ್ಲ ಅನ್ನುವ ಹಾಗೆ ಆ ಯಂತ್ರ ಬಾಯಿ ಮುಚ್ಚಿಕೊಂಡು ಕೂತಿತ್ತು. ಇದನ್ನು ಹೊಸದು ಅಂತ ಕರೆದರು. ಇದಕ್ಕೆ ಬರಬೇಕು ಅಂತ ದಿನಾ ಬೆಳಿಗ್ಗೆ ನೋಟೀಸು ಕೊಟ್ಟರು.

“ಹೋಗ್ಲಿ ಬುಡು. ಹೆಂಗೂ ಓದಿಸ್ಕಂಡಿದೀನಲ್ಲ” ಅಂದಳು ಅಕ್ಕ.

ಅವಳು ಹಾಗೆ ಅಂದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಓದಿಸಿಕೊಳ್ಳುವ ಹಂಗು ಬೇಡ ಅಂತ ಆ ವಯಸ್ಸಿನಲ್ಲಿ ದಿನಾ ರೈಲು ಹತ್ತಿ ಕಲಿತು ಬಂದವಳು. ಒಂದೇ ದಿನಕ್ಕೆ ಮತ್ತೆ ಅಲ್ಲಿಗೇ ತಂದು ಕೂರಿಸಿದ್ದರು. ನಾನು ಶೆಡ್ಡಿಗೆ ಹೋಗಿ ಅರಗಿನ ಕಡ್ಡಿ, ಮೇಣದ ಬತ್ತಿ ತಂದು, ಹೊಸ ಕೀಬೋರ್ಡಿನ ಮೇಲೆ ಬೊಟ್ಟು, ಗೆರೆ, ಜೋಡಿ ಚುಕ್ಕೆ ಹಾಕಲು ಕೂತೆ. ಕೋಪದಲ್ಲಿ ಅರಗು ಜಾಸ್ತಿ ಬಿದ್ದು ಮೊದಲನೆಯದು ಕೆಟ್ಟಿತು. ಕೆರೆದು ತೆಗೆದು ಮತ್ತೆ ಹಾಕಿದೆ. ಕೆರೆದರೆ ಎಷ್ಟು ಸುಲಭವಾಗಿ ಹೋಗುತ್ತದೆ ಅಂತ ಆಗ ಗೊತ್ತಾಯಿತು. ಅವನು ಅದನ್ನೂ ಸುಳ್ಳು ಹೇಳಿದ್ದ.

ಬೆಂಗಳೂರಿನಲ್ಲಿ ಕಲಿಸಿದ ಮೇಡಮ್ಮಿಗೆ ಅಕ್ಕ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಅವರು ಯಾವುದೋ ದೂರದ ಊರಿನ ಶಿಬಿರಕ್ಕೆ ಹೋಗಿದ್ದರು, ಸಿಗ್ನಲ್ಲು ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆ ಹೇಗಿತ್ತು ಅಂದರೆ, ಬೆಳಿಗ್ಗೆ ಪೇಪರು ಬರುತ್ತಿತ್ತು, ನನ್ನ ಗಂಡ ಓದುತ್ತಿದ್ದರು, ಪುಟ ತಿರುಗುತ್ತಿತ್ತು. ಅಕ್ಕ “ಹೂಂ” ಅನ್ನುತ್ತಿದ್ದಳು. ಬೀದಿಯ ಹೆಂಗಸರು ಬಂದು, “ಟೀಚರಮ್ಮನ ಕಂಪ್ಯೂಟ್ರು ಕೆಟ್ಟೋಯ್ತಂತೆ, ಬುಡಿ, ಒಸಿ ಕಿವಿಗೆ ಆರಾಮು” ಅಂತ ತಮಾಷೆ ಮಾಡಿ ಹೋಗುತ್ತಿದ್ದರು. ಪತ್ರಕ್ಕೆ ಬರೆಸಿದ ಉತ್ತರಕ್ಕೆ ಗಣಿತದ ಮೇಡಂ ಏನಾದರೂ ಬರೆದರೇ ಅಂತ ಅಕ್ಕ ಕೇಳುತ್ತಿದ್ದಳು. ಏನೂ ಬಂದಿರಲಿಲ್ಲ. “ಬರ್ತೀನಿ ಅಂದ್ನಲ್ಲ, ಅದ್ಕೇ ಬರೆದಿಲ್ಲ” ಅಂತ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಕೊನೆಗೆ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ ಮೇಡಂ ಫೋನಿಗೆ ಸಿಕ್ಕರು. ಅಕ್ಕ ಫೋನನ್ನು ಪಕ್ಕಕ್ಕಿಟ್ಟುಕೊಂಡು, ಆ ಇಂಗ್ಲಿಷು ಹೆಂಗಸಿನ ದನಿಯನ್ನೇ ಊರುಗೋಲು ಮಾಡಿಕೊಂಡು, ಅವರು ಹೇಳಿದ ಹಾಗೆ ಒಂದೊಂದೇ ಗುಂಡಿ ಒತ್ತುತ್ತಾ ಹೋದಳು. ಅಲ್ಲಿ ಕಣ್ಣಿಲ್ಲದವರು ಹೇಳುತ್ತಾರೆ, ಇಲ್ಲಿ ಕಣ್ಣಿಲ್ಲದವಳು ಮಾಡುತ್ತಾಳೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕಾಫಿ ಇಟ್ಟು ಶೆಡ್ಡಿಗೆ ಹೋದೆ. ಮಿಷನ್ನು ಹಾಕುವಷ್ಟರಲ್ಲಿ ಒಳಗಿಂದ ಆ ತಗಡಿನ ಡಬ್ಬದ ದನಿ ಕೇಳಿತು. ಅದು ಏನೋ ಇಂಗ್ಲಿಷು ಹೇಳಿತು, ಆಮೇಲೆ ಕನ್ನಡ ಹೇಳಿತು. ನನಗೆ ಕಣ್ಣಲ್ಲಿ ನೀರು ಬಂತು. ಅಂಥ ಒರಟು ದನಿ ಕೇಳಿ ಅತ್ತವಳು ನಾನೊಬ್ಬಳೇ ಇರಬೇಕು.

ದನಿ ಸರಸರನೆ ಓಡಿತು. ತನ್ನ ಪತ್ರ ಓದುತ್ತಿದ್ದಾಳೆ ಅಂತ ಗೊತ್ತಾಯಿತು. ಓಡುತ್ತಿದ್ದದ್ದು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಓಡಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಆಮೇಲೆ ಅಕ್ಕ ವೇಗವನ್ನು ಇಳಿಸಿದಳು. ಪೇಪರು ಓದಿಸುವಾಗ ಇಳಿಸುತ್ತಿದ್ದಳಲ್ಲ, ಅದಕ್ಕಿಂತ ಕೆಳಗೆ ಇಳಿಸಿದಳು. ದನಿ ಇಡೀ ಮನೆಗೆ ಕೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಓದಿತು.

“ಔಷಧಿ ನಿಲ್ಲಿಸಿದ್ದಾರೆ. ಇನ್ನು ದಿನಗಳ ಲೆಕ್ಕ ಅಂದರು. ಕೈ ಆಡುವಾಗಲೇ ಬಾ.”

ಮತ್ತೆ ಅದೇ ಸಾಲು. ಮತ್ತೆ ಅದೇ. ಏರಿಲ್ಲ, ಇಳಿವಿಲ್ಲ. ನಾನು ಒಳಗೆ ಓಡಿದೆ. ಬಾಗಿಲಲ್ಲಿ ನನ್ನ ಗಂಡ ಗೋಡೆ ಹಿಡಿದು ನಿಂತಿದ್ದರು.

ಅಕ್ಕ ಅವರಿದ್ದ ಕಡೆಗೇ ಮುಖ ತಿರುಗಿಸಿ ಕೇಳಿದಳು. “ಈ ಸಾಲು ನಿಮ್ಮ ಕಣ್ಣಿಗೆ ಬೀಳ್ನಿಲ್ವಾ?”

“ಬಿತ್ತು ಅತ್ಗೆ.”

“ಮತ್ತೆ?”

“ಮೊದ್ಲೇ ನೊಂದಿದ್ರಿ. ಆ ಮಿಷನ್ನು ಬೇರೆ ಹಿಂಗಾಗಿತ್ತು. ಒಂದೆರಡು ದಿನ ಬಿಟ್ಟು ಹೇಳಾನ ಅಂತ…”

ಅಕ್ಕ ಬೈಯಲಿಲ್ಲ. “ಕನಕಪುರದ ಬಸ್ಸು ಎಷ್ಟೊತ್ತಿಗೈತೆ ನೋಡೆ” ಅಂತ ನನಗೆ ಹೇಳಿ ಸೀರೆ ಬದಲಾಯಿಸಲು ಹೋದಳು. ಬೈದದ್ದು ನಾನು. ಇಷ್ಟು ವರ್ಷ ಜೊತೆಯಲ್ಲಿದ್ದವರಿಗೆ ಅಂಥ ಮಾತು ಯಾವತ್ತೂ ಆಡಿರಲಿಲ್ಲ.

ಸಾತನೂರಿನ ಮೇಲೆ ಹೋಗುವ ಬಸ್ಸು ಸಿಕ್ಕಿತು. ಶುಕ್ರವಾರವಾದ್ದರಿಂದ ಕಬ್ಬಾಳಮ್ಮನ ಗುಡಿಗೆ ಹೋಗುವವರೇ ಬಸ್ಸಿನ ತುಂಬಾ. ಪ್ರತಿ ಊರಲ್ಲೂ ನಿಲ್ಲಿಸಿ ಹತ್ತಿಸಿಕೊಂಡರು. ಕಬ್ಬಾಳಿನ ಜನ ಇಳಿಯುವಾಗ ಒಬ್ಬಾಕೆಯ ತೆಂಗಿನಕಾಯಿ ಚೀಲ ಒಡೆದು, ಕಾಯಿ ಸೀಟಿನ ಕೆಳಗೆಲ್ಲ ಉರುಳಿ, ಅದನ್ನು ಆರಿಸುವವರೆಗೆ ಬಸ್ಸು ನಿಂತಿತ್ತು. ಅಕ್ಕ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನಾನು ಕಂಡಕ್ಟರಿಗೂ ಬೈದೆ.

ಗಣಿತದ ಮೇಡಮ್ಮಿನ ಮನೆಯಲ್ಲಿ ಅವರ ಮಗಳು ಬಾಗಿಲು ತೆರೆದಳು. ನಡುಮನೆಯಲ್ಲೇ ಮಂಚ ಹಾಕಿದ್ದರು. ಮೇಡಂ ಬದುಕಿದ್ದರು. ಉಸಿರಾಡುತ್ತಿದ್ದರು, ಕಣ್ಣು ಅರ್ಧ ತೆರೆದಿತ್ತು.

“ಮೊನ್ನೆ ತನಕ ಚೆನ್ನಾಗಿ ತಿಳೀತಿತ್ತು ಮೇಡಂ” ಅಂದಳು ಮಗಳು. “ಟೈಪ್ ಮಾಡೋಕೆ ಆಗ್ತಿರ್ಲಿಲ್ಲ, ನಮ್ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸೋರು. ನಿಮ್ಮ ಉತ್ತರ ಓದಿ ಹೇಳ್ದೆ. ಮುಂದಿನ ವಾರ ಅಂತ ಬರೆದಿದ್ರಲ್ಲ. ಆಗಲಿ ಅಂತ ಬರೆದ್ರು. ನಿನ್ನೆಯಿಂದ ಏನೂ ಬರೆದಿಲ್ಲ.”

ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಳು. ಕೈಯಾಡಿಸಿ ಅವರ ಬಲಗೈ ಹುಡುಕಿಕೊಂಡಳು. ತನ್ನ ಅಂಗೈಯನ್ನು ಬಿಚ್ಚಿ ಹಾಸಿಗೆಯ ಮೇಲಿಟ್ಟು, ಅದರ ಮೇಲೆ ಅವರ ಬೆರಳನ್ನು ಇರಿಸಿಕೊಂಡಳು. “ನಾನು ಬಂದಿದೀನಿ ಕಣೆ. ಬರಿ” ಅಂದಳು. ಹೊರಗೆ ಬಿಸಿಲು ಇಳಿಯುವವರೆಗೆ ಹಾಗೇ ಕೂತಿದ್ದಳು. ಬೆರಳು ಇಟ್ಟಲ್ಲೇ ಇತ್ತು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ನನಗೆ ತಡೆಯಲಾಗಲಿಲ್ಲ. ಆ ಅಂಗಡಿಯವನ ಅಂಗಡಿಗೆ ಬೆಂಕಿ ಬೀಳ, ಸೋಮವಾರ ಹೋಗಿ ಬೀದಿಯಲ್ಲಿ ನಿಲ್ಲಿಸಿ ಕೇಳುತ್ತೇನೆ, ಆ ನೋಟೀಸು ಕಳಿಸಿದವರ ಮನೆ ಹಾಳಾಗ ಅಂತ ದಾರಿ ಉದ್ದಕ್ಕೂ ಬಡಬಡಿಸಿದೆ. ಸಾತನೂರು ದಾಟಿದ ಮೇಲೆ ಅಕ್ಕ ನನ್ನ ಕೈ ಮೇಲೆ ಕೈ ಇಟ್ಟಳು.

“ಅಂಗಡಿಯೋನ್ಗೆ ಬೈಬ್ಯಾಡ ಕಣೆ. ಅವ್ನಿಗೆ ಗೊತ್ತಿರ್ನಿಲ್ಲ” ಅಂದಳು. “ನಿನ್ ಗಂಡನಿಗೆ ಗೊತ್ತಿತ್ತು.”

ಗಣಿತದ ಮೇಡಂ ಭಾನುವಾರ ತೀರಿಕೊಂಡರು. ಆ ಸುದ್ದಿಯನ್ನು ಅವರ ಮಗಳು ಪತ್ರದಲ್ಲಿ ಬರೆದಿದ್ದಳು, ದನಿ ಅಕ್ಕನಿಗೆ ಓದಿ ಹೇಳಿತು. ನನ್ನ ಗಂಡ ಈಗಲೂ ಬೆಳಿಗ್ಗೆ ಪೇಪರನ್ನು ಎತ್ತಿಕೊಂಡು ಬಂದು ಅಕ್ಕನ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಅವರು ನಿಂತಿರುವುದು ಅವಳಿಗೆ ಗೊತ್ತಾಗುತ್ತದೆ. “ಅಲ್ಲಿ ಇಟ್ಟು ಹೋಗಿ” ಅನ್ನುತ್ತಾಳೆ.